ಶಾರ್ಜಾದ ದೊಡ್ಡಮ್ಮನ ಮನೆಗೆ ಹೋಗಲೇ, ಬೇಡವೇ?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು. ವಯಸ್ಸು 47. ಊರು ಕುಂದಾಪುರದ ಹತ್ತಿರ. ಅಪ್ಪ ಮತ್ತು ದೊಡ್ಡಪ್ಪ ಹುಡುಗರಾಗಿದ್ದಾಗಲೇ ಮುಂಬೈಗೆ ಬಂದು ಫೋರ್ಟ್‌ನ ಹೋಟೆಲ್ ಒಂದರಲ್ಲಿ ದುಡಿದವರು. 1976ರಲ್ಲಿ ದೊಡ್ಡಪ್ಪ ಗಲ್ಫ್‌ಗೆ ಹೋದರು. ಅದಾದ ಮೇಲೂ ಕೆಲವು ವರ್ಷ ದೊಡ್ಡಮ್ಮ ಮತ್ತು ಅಮ್ಮ ಒಂದೇ ರೂಮಿನಲ್ಲಿ ಸಂಸಾರ ಮಾಡಿದರು. ಆಮೇಲೆ ದೊಡ್ಡಮ್ಮ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದರು. ಪ್ರತಿ ಮೇ ತಿಂಗಳು ನಾವೆಲ್ಲ ಅಲ್ಲಿ ಸೇರುತ್ತಿದ್ದೆವು. 2004ರಲ್ಲಿ ಆಸ್ತಿ ಪಾಲಾಗುವಾಗ ಅಪ್ಪನಿಗೂ ದೊಡ್ಡಪ್ಪನ ದೊಡ್ಡ ಮಗನಿಗೂ ದೊಡ್ಡ ಮಾತಾಯಿತು. ಅಲ್ಲಿಗೆ ಹೋಗಿ ಬರುವುದು ನಿಂತಿತು. 2021ರ ಮೇ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಅವರ ಕಡೆಯಿಂದ ಯಾರೂ ಬರಲಿಲ್ಲ, ಫೋನೂ ಮಾಡಲಿಲ್ಲ, ಒಂದು ಮೆಸೇಜ್ ಬಂತು ಅಷ್ಟೇ. ಈ ಡಿಸೆಂಬರ್‌ನಲ್ಲಿ ನಾನು, ಗಂಡ, 14 ವರ್ಷದ ಮಗ ಹತ್ತು ದಿನ ದುಬೈಗೆ ಹೊರಟಿದ್ದೇವೆ. ದೊಡ್ಡಪ್ಪ ಈಗಿಲ್ಲ. ದೊಡ್ಡಮ್ಮ ಶಾರ್ಜಾದಲ್ಲಿ ದೊಡ್ಡ ಮಗನ ಮನೆಯಲ್ಲಿದ್ದಾರೆ. ಅವರ ಮಗಳು, ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಅಲ್ಲೇ ಹತ್ತಿರದಲ್ಲಿದ್ದಾಳೆ. ಅವಳ ನಂಬರ್ ಹುಡುಕಿ ವಾಟ್ಸ್ಆಪ್‌ನಲ್ಲಿ ಎರಡು ಸಲ ಕಾಲ್ ಮಾಡಿದೆ, ಎತ್ತಲಿಲ್ಲ. ಅಮ್ಮ 'ಹೋಗುವುದು ಬೇಡ' ಅನ್ನುತ್ತಿದ್ದಾರೆ. ನನಗೆ ದೊಡ್ಡಮ್ಮನನ್ನು ನೋಡಬೇಕು. ಹೋಗಲೇ? ಹೋದರೆ ಅವರ ಮನೆಯಲ್ಲೇ ಉಳಿಯಬೇಕೇ? ಹಳೆಯ ಮಾತು ಎತ್ತಬೇಕೇ?

ಉತ್ತರ: ಹೋಗಿ. ಮುಂದಿನದ್ದೆಲ್ಲ ಹೇಗೆ ಹೋಗಬೇಕು ಅನ್ನುವುದರ ಬಗ್ಗೆ.

ಮೊದಲು ಆ ಎರಡು ಕಾಲ್‌ಗಳ ವಿಷಯ. ಯುಎಇಯಲ್ಲಿ ವಾಟ್ಸ್ಆಪ್‌ನ ವಾಯ್ಸ್ ಕಾಲ್, ವಿಡಿಯೋ ಕಾಲ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಅಲ್ಲಿನ ನಿಯಮದ ಪ್ರಕಾರ ಅವು ಬಂದ್. ಕೆಲವೊಮ್ಮೆ ರಿಂಗ್ ಆದ ಹಾಗೆ ಕಾಣುತ್ತದೆ, ಎತ್ತಿದರೂ ಮಾತು ಕೇಳುವುದಿಲ್ಲ. ಅಲ್ಲಿರುವವರು ಬೋಟಿಮ್‌ನಂಥ ಬೇರೆ ಆ್ಯಪ್ ಬಳಸುತ್ತಾರೆ, ಇಲ್ಲದಿದ್ದರೆ ಮಾಮೂಲಿ ಫೋನ್. ಹಾಗಾಗಿ ನಿಮ್ಮ ಅಕ್ಕ ಎತ್ತಲಿಲ್ಲ ಅಂದರೆ ನಿಮ್ಮನ್ನು ಬೇಡ ಅಂದಳು ಅಂತ ಅರ್ಥ ಮಾಡಿಕೊಳ್ಳಬೇಡಿ. ಬರೆದ ಮೆಸೇಜ್ ಮತ್ತು ರೆಕಾರ್ಡ್ ಮಾಡಿ ಕಳಿಸುವ ವಾಯ್ಸ್ ಮೆಸೇಜ್ ಎರಡೂ ಅಲ್ಲಿ ಸರಿಯಾಗಿ ತಲುಪುತ್ತವೆ. ವಾಯ್ಸ್ ಮೆಸೇಜ್ ಕಳಿಸಿ. ಇಪ್ಪತ್ತು ವರ್ಷದ ನಂತರ ಬರೆದ ಅಕ್ಷರ ಓದುವುದಕ್ಕಿಂತ ದನಿ ಕೇಳುವುದು ಬೇರೆ. ನೀವು ಮನೆಯಲ್ಲಿ ಮಾತಾಡುವ ಕುಂದಾಪ್ರ ಕನ್ನಡದಲ್ಲೇ ಮಾತಾಡಿ. ಪುಸ್ತಕದ ಕನ್ನಡ ಬೇಡ.

ಏನು ಹೇಳಬೇಕು? ಇಲ್ಲೊಂದು ಮುಖ್ಯ ಮಾತಿದೆ. ಗಲ್ಫ್‌ನಲ್ಲಿರುವ ನೆಂಟರಿಗೆ ಹಳೆಯ ಸಂಬಂಧಿಕರ ಫೋನ್ ಎಂದರೆ ಒಂದು ಅಳುಕು ಇರುತ್ತದೆ. ವರ್ಷಗಟ್ಟಲೆ ಸುದ್ದಿ ಇಲ್ಲದವರು ಫೋನ್ ಮಾಡಿದರೆ ಎರಡನೇ ಮಾತಿಗೆ ಮಗನಿಗೊಂದು ಕೆಲಸ, ಅಳಿಯನಿಗೊಂದು ವೀಸಾ, ಇಲ್ಲವೇ ಸ್ವಲ್ಪ ಹಣ. ಮುಂಬೈ ಕನ್ನಡಿಗರ ಕುಟುಂಬಗಳ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುವ ನಾನು ಇದನ್ನು ಎರಡೂ ಕಡೆಯವರ ಬಾಯಲ್ಲಿ ಕೇಳಿದ್ದೇನೆ. ಕೇಳುವವರ ಕಷ್ಟವೂ ನಿಜ, ಕೇಳಿಸಿಕೊಳ್ಳುವವರ ಸುಸ್ತೂ ನಿಜ. ನಿಮ್ಮ ಮನೆಯಲ್ಲಿ ಇದರ ಮೇಲೆ ಆಸ್ತಿಯ ನೆನಪೂ ಇದೆ. ಆದ್ದರಿಂದ ಮೊದಲ ಮೆಸೇಜ್‌ನಲ್ಲೇ ಎರಡು ವಿಷಯ ಸ್ಪಷ್ಟವಾಗಲಿ: ಉಳಿಯಲು ನಿಮ್ಮದೇ ವ್ಯವಸ್ಥೆ ಇದೆ, ಬರುತ್ತಿರುವುದು ಸುಮ್ನೆ ನೋಡಲಿಕ್ಕೆ.

ಹೀಗಿದ್ದರೆ ಸಾಕು: 'ಅಕ್ಕ, ನಾನು ಡೊಂಬಿವಲಿಯಿಂದ ಮಾತಾಡ್ತಾ ಇದ್ದೇನೆ. ಡಿಸೆಂಬರ್‌ನಲ್ಲಿ ನಾವು ಮೂರು ಜನ ದುಬೈಗೆ ಬರ್ತಿದ್ದೇವೆ, ಹೋಟೆಲ್ ನೋಡ್ಕೊಂಡಿದ್ದೇವೆ. ದೊಡ್ಡಮ್ಮನ್ನ, ನಿನ್ನ ಒಂದ್ಸಲ ಕಾಣ್ಕ್ ಅಂತ ಆಸೆ. ನಿಮಗೆ ಆಗುವ ದಿನ ಹೇಳು, ಒಂದು ಗಂಟೆ ಆದ್ರೂ ಸಾಕು. ಆಗದಿದ್ರೂ ಬೇಜಾರಿಲ್ಲ.' ಇದಕ್ಕೆ ಏನೂ ಸೇರಿಸಬೇಡಿ. 'ಹಳೆಯದೆಲ್ಲ ಮರೆತುಬಿಡೋಣ' ಅನ್ನುವ ಸಾಲು ತುಂಬಾ ಜನ ಹಾಕುತ್ತಾರೆ. ಮರೆಯೋಣ ಅಂದ ಕೂಡಲೇ ನೆನಪಾಗುವುದು ಅದೇ. ಜೊತೆಗೆ, ಯಾರು ಏನನ್ನು ಮರೆಯಬೇಕು ಎಂಬ ಲೆಕ್ಕವೂ ಶುರುವಾಗುತ್ತದೆ.

ಮೆಸೇಜ್ ಅಕ್ಕನಿಗೇ ಹೋಗಲಿ. ಜಗಳವಾದದ್ದು ಅಪ್ಪನಿಗೂ ದೊಡ್ಡ ಅಣ್ಣನಿಗೂ. ಅಣ್ಣನಿಗೆ ಮೊದಲು ಹೇಳಿದರೆ ಅದು ಎರಡು ಪಾಲಿನವರ ಮಾತುಕತೆಯ ಹಾಗಾಗುತ್ತದೆ. ಅಕ್ಕ ಮತ್ತು ನೀವು ಮೇ ತಿಂಗಳ ಬಿಸಿಲಿನಲ್ಲಿ ಒಟ್ಟಿಗೆ ಆಡಿದವರು, ನಿಮ್ಮಿಬ್ಬರ ನಡುವೆ ಯಾವ ಪಾಲೂ ಆಗಿಲ್ಲ. ಕುಟುಂಬದ ವಾಟ್ಸ್ಆಪ್ ಗ್ರೂಪ್ ಇದ್ದರೆ ಅದರಲ್ಲಿ ಈಗಲೇ ಹಾಕಬೇಡಿ. ಅಲ್ಲಿ ಮಂಗಳೂರಿನ ಅತ್ತೆ ಒಂದು ಹೇಳುತ್ತಾರೆ, ಬೆಂಗಳೂರಿನ ಮಾವ ಇನ್ನೊಂದು ಹೇಳುತ್ತಾರೆ. ನಿಮ್ಮ ಅಕ್ಕ ಉತ್ತರ ಕೊಡುವ ಮೊದಲೇ ಹತ್ತು ಜನ ತೀರ್ಮಾನ ಮಾಡಿರುತ್ತಾರೆ. ಆದರೆ ಅಕ್ಕನ ಉತ್ತರ ಬಂದ ಮೇಲೆ, ಹೊರಡುವ ಮೊದಲು, ಅಣ್ಣನಿಗೂ ನೀವೇ ಒಂದು ಮೆಸೇಜ್ ಕಳಿಸಿ. ದೊಡ್ಡಮ್ಮ ಇರುವುದು ಅವರ ಮನೆಯಲ್ಲಿ. ಅವರಿಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು.

ಇನ್ನು, ಅಪ್ಪ ತೀರಿಕೊಂಡಾಗ ಅವರು ಬರಲಿಲ್ಲ ಎಂಬ ನೋವು. ನಿಮ್ಮ ಪತ್ರದಲ್ಲಿ ಆಸ್ತಿಗಿಂತ ಇದೇ ಭಾರ ಅಂತ ನನಗೆ ಅನಿಸಿತು. ಒಂದು ವಿಷಯ ನೆನಪಿಸುತ್ತೇನೆ. 2021ರ ಏಪ್ರಿಲ್ ಕೊನೆಯಲ್ಲಿ, ನಮ್ಮಲ್ಲಿ ಕೊರೋನಾ ಎರಡನೇ ಅಲೆ ಜೋರಾಗಿದ್ದಾಗ, ಭಾರತದಿಂದ ಬರುವ ಪ್ರಯಾಣಿಕರಿಗೆ ಯುಎಇ ಬಾಗಿಲು ಹಾಕಿತು. ರಜೆಗೆ ಅಂತ ಊರಿಗೆ ಬಂದಿದ್ದ ಎಷ್ಟೋ ಜನ ವಾಪಸ್ ಹೋಗಲಾಗದೆ ತಿಂಗಳುಗಟ್ಟಲೆ ಸಿಕ್ಕಿಕೊಂಡರು. ಅಲ್ಲಿನ ವಾಸದ ವೀಸಾ ಇದ್ದವರಿಗೂ ದಾರಿ ತೆರೆಯತೊಡಗಿದ್ದು ಆಗಸ್ಟ್‌ನಲ್ಲಿ. ಮೇ ತಿಂಗಳಲ್ಲಿ ನಿಮ್ಮ ಅಣ್ಣ ವಿಮಾನ ಹತ್ತಿ ಬಂದಿದ್ದರೆ ಯಾವಾಗ ಮರಳುವುದು ಅಂತ ಅವರಿಗೆ ಯಾರೂ ಹೇಳುವ ಸ್ಥಿತಿ ಇರಲಿಲ್ಲ. ಕೆಲಸ ಹೋದರೆ ಅಲ್ಲಿ ವಾಸದ ವೀಸಾವೂ ಹೋಗುತ್ತದೆ. ಬರದೇ ಇದ್ದದ್ದಕ್ಕೆ ಇದು ಕಾರಣ ಆಗಿದ್ದಿರಬಹುದು. ಫೋನ್ ಮಾಡದೇ ಇದ್ದದ್ದಕ್ಕೆ ಇದು ಕಾರಣ ಆಗುವುದಿಲ್ಲ, ಅದನ್ನೂ ಹೇಳಲೇಬೇಕು. ಆ ನೋವು ನಿಮಗಿರುವುದು ಸರಿಯೇ. ಅದನ್ನು ಇಲ್ಲ ಅಂತ ಮಾಡಿಕೊಂಡು ಹೋಗಬೇಕಾಗಿಲ್ಲ.

ಆದರೆ ಅದನ್ನು ಪ್ರಶ್ನೆ ಮಾಡಿ ಕೇಳಬೇಡಿ. ಕೇಳುವ ಅಗತ್ಯವೂ ಬೀಳದಿರಬಹುದು. ನಮ್ಮ ಕಡೆಯ ಹಿರಿಯ ಹೆಂಗಸರಿಗೆ ಒಂದು ರೂಢಿ ಇದೆ: ಸಾವಾದ ಮನೆಯವರನ್ನು ಮೊದಲ ಸಲ ಕಂಡಾಗ, ಎಷ್ಟು ವರ್ಷ ಕಳೆದಿದ್ದರೂ, ಮೊದಲು ಸತ್ತವರ ಮಾತು ಬರುತ್ತದೆ, ಅಳು ಬರುತ್ತದೆ. ದೊಡ್ಡಮ್ಮ ನಿಮ್ಮ ಮುಖ ಕಂಡ ಕೂಡಲೇ ಅಳಬಹುದು. 'ಅಳ್ಬೇಡಿ ದೊಡ್ಡಮ್ಮ, ಈಗ ಯಾಕೆ' ಅಂತ ತಡೆಯಬೇಡಿ. ನೀವೂ ಅತ್ತರೆ ಅಳಿ. ಹುಡುಗ ಗಾಬರಿಯಾಗದ ಹಾಗೆ ಅವನಿಗೆ ಮೊದಲೇ ಹೇಳಿಟ್ಟಿರಿ. ಆ ಹೊತ್ತಿನಲ್ಲಿ ಅಣ್ಣ ಪಕ್ಕದಲ್ಲಿದ್ದರೆ ಅವರೂ ಏನಾದರೂ ಹೇಳುತ್ತಾರೆ. ಒರಟಾಗಿ ಹೇಳಬಹುದು, ಅರ್ಧ ಹೇಳಬಹುದು. ಗಂಡಸರಿಗೆ ಈ ಮಾತು ಪೂರ್ತಿ ಬರುವುದು ಕಡಿಮೆ. ಅರ್ಧ ಹೇಳಿದರೆ ಅಷ್ಟನ್ನು ತೆಗೆದುಕೊಳ್ಳಿ. ಯಾರೂ ಏನೂ ಹೇಳದಿದ್ದರೆ ನೀವೇ ಅಪ್ಪನ ಹೆಸರು ತೆಗೆಯಿರಿ, ಆದರೆ ಅಪ್ಪನ ಕೊನೆಯ ದಿನಗಳಿಂದ ಶುರು ಮಾಡಬೇಡಿ. ಅಪ್ಪ, ದೊಡ್ಡಪ್ಪ ಜೊತೆಗಿದ್ದ ಕಾಲದಿಂದ ಶುರು ಮಾಡಿ.

ಆ ಕಾಲದ ಬಗ್ಗೆ ನಿಮಗೆ ಎಷ್ಟು ಗೊತ್ತು? ಬಹುಶಃ ಕಡಿಮೆ. ಇದೇ ನಿಮ್ಮ ಭೇಟಿಯ ನಿಜವಾದ ಆಸ್ತಿ ಅಂತ ನಾನು ತಿಳಿದಿದ್ದೇನೆ. ಕರಾವಳಿಯ ಹುಡುಗರು ಮುಂಬೈಗೆ ಬಂದು ಹಗಲು ಹೋಟೆಲ್‌ನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದ ಕಾಲ ಅದು. ಫೋರ್ಟ್ ಸುತ್ತ ಅಂಥ ರಾತ್ರಿ ಶಾಲೆಗಳಿದ್ದವು. ನಿಮ್ಮ ಅಪ್ಪ, ದೊಡ್ಡಪ್ಪ ಅಲ್ಲಿಗೆ ಹೋಗಿದ್ದರೇ? 1973ರ ನಂತರ ಎಣ್ಣೆಯ ಬೆಲೆ ಏರಿ ಗಲ್ಫ್‌ನಲ್ಲಿ ಕೆಲಸ ಹೆಚ್ಚಾದಾಗ ಕರಾವಳಿಯವರಿಗೆ ಆ ಕಡೆ ಹೋಗಲು ಬಾಗಿಲಾಗಿದ್ದು ಮುಂಬೈ. ಪಾಸ್‌ಪೋರ್ಟ್, ಏಜೆಂಟ್, ವೀಸಾಗೆ ಕಾಯುವುದು, ಕಾಯುವಷ್ಟು ದಿನ ಯಾರದ್ದೋ ರೂಮಿನಲ್ಲಿ ಚಾಪೆ ಹಾಸಿಕೊಳ್ಳುವುದು, ಎಲ್ಲ ಇಲ್ಲೇ. ಆಗ ಗಲ್ಫ್‌ಗೆ ಹಡಗೂ ಹೋಗುತ್ತಿತ್ತು. 'ದ್ವಾರಕಾ' ಎಂಬ ಹಡಗು ಮುಂಬೈಯಿಂದ ಕರಾಚಿ ಮೇಲೆ ಗಲ್ಫ್ ಬಂದರುಗಳಿಗೆ 1982ರವರೆಗೂ ಓಡಾಡಿತು. ದೊಡ್ಡಪ್ಪ ಹೋದದ್ದು ಹಡಗಿನಲ್ಲೋ, ವಿಮಾನದಲ್ಲೋ? ಟಿಕೆಟ್‌ಗೆ ಹಣ ಯಾರು ಹೊಂದಿಸಿದರು? ಕಳಿಸಲು ಯಾರು ಹೋಗಿದ್ದರು? ತಮ್ಮ ಹೋಗಿರದೆ ಇರುತ್ತಾನೆಯೇ? ಮೊದಲ ಬ್ಯಾಂಕ್ ಡ್ರಾಫ್ಟ್ ಬಂದಾಗ ಆ ರೂಮಿನಲ್ಲಿ ಏನಾಯಿತು? ಇದನ್ನೆಲ್ಲ ಹೇಳಬಲ್ಲವರು ಈಗ ಇಬ್ಬರೇ, ನಿಮ್ಮ ಅಮ್ಮ ಮತ್ತು ದೊಡ್ಡಮ್ಮ. 2004ರಲ್ಲಿ ಪಾಲಾದದ್ದು ಗದ್ದೆ, ತೋಟ. ಅದಕ್ಕೂ ಮೊದಲು ಇಬ್ಬರು ಅಣ್ಣತಮ್ಮ ಒಬ್ಬರಿಗೊಬ್ಬರು ಆಗಿಬಂದ ಮೂವತ್ತು ವರ್ಷ ಇದೆ, ಅದು ನಿಮಗೂ ಬೇಕು, ಅಕ್ಕನಿಗೂ ಬೇಕು, ಅಣ್ಣನಿಗೂ ಬೇಕು. ಜಗಳದ ಕಥೆ ಎಲ್ಲರಿಗೂ ಬಾಯಿಪಾಠ. ಈ ಕಥೆ ಯಾರಿಗೂ ಪೂರ್ತಿ ಗೊತ್ತಿಲ್ಲ.

ದೊಡ್ಡಮ್ಮ ಒಪ್ಪಿದರೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕೇಳಿಯೇ ಮಾಡಿ, ಕದ್ದು ಬೇಡ. ಬೆಳಿಗ್ಗೆ ಹೊತ್ತು ವಯಸ್ಸಾದವರಿಗೆ ನೆನಪು ಚುರುಕಾಗಿರುತ್ತದೆ, ಮಧ್ಯಾಹ್ನ ಊಟದ ನಂತರ ಬಳಲುತ್ತಾರೆ. ಹಳೆಯ ಫೋಟೋ ಒಂದಿದ್ದರೆ ಪ್ರಶ್ನೆಗಿಂತ ಅದು ಜಾಸ್ತಿ ಮಾತಾಡಿಸುತ್ತದೆ. ಅಮ್ಮನ ಪೆಟ್ಟಿಗೆಯಲ್ಲಿ ಸ್ಟುಡಿಯೋ ಫೋಟೋ, ದೊಡ್ಡಪ್ಪ ಬರೆದ ಏರೋಗ್ರಾಮ್ ಏನಾದರೂ ಇದೆಯೇ ನೋಡಿ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಎರಡು ಪ್ರತಿ ಒಯ್ಯಿರಿ, ಒಂದು ಅಣ್ಣನಿಗೆ, ಒಂದು ಅಕ್ಕನಿಗೆ. ಮೂಲ ಪ್ರತಿ ಡೊಂಬಿವಲಿಯಲ್ಲೇ ಇರಲಿ.

ಇಲ್ಲಿಂದ ಅಮ್ಮನ ವಿಷಯಕ್ಕೆ ಬರುತ್ತೇನೆ. ಅವರಿಗೆ ಹೇಳದೆ ಹೋಗಬೇಡಿ. ಅನುಮತಿ ಕೇಳುವುದೂ ಬೇಡ. 'ಅಮ್ಮ, ನಾನು ದೊಡ್ಡಮ್ಮನನ್ನು ನೋಡಿ ಬರುತ್ತೇನೆ' ಅಂತ ತಿಳಿಸಿ. ಅವರ ಸಿಟ್ಟು ಗಂಡನಿಗಾದ ಅವಮಾನದ ಸಿಟ್ಟು. ಮಗಳು ಹೋದರೆ ಆ ಅವಮಾನ ಸುಳ್ಳಾಗುತ್ತದೆ ಅಂತ ಅವರಿಗೆ ಭಯ. 'ನೀವು ಅನುಭವಿಸಿದ್ದು ನನಗೆ ಗೊತ್ತು, ಅದನ್ನು ನಾನು ಬಿಟ್ಟುಕೊಡುವುದಿಲ್ಲ' ಅನ್ನುವ ಒಂದು ಮಾತು ಅವರಿಗೆ ಬೇಕು. ಮತ್ತೆ, ಅಮ್ಮ ಮತ್ತು ದೊಡ್ಡಮ್ಮ ಓರಗಿತ್ತಿಯರು. ಮುಂಬೈಯ ಒಂದೇ ರೂಮಿನಲ್ಲಿ, ಒಂದೇ ಸ್ಟವ್‌ನಲ್ಲಿ ಅಡುಗೆ ಮಾಡಿ, ಮುನ್ಸಿಪಾಲಿಟಿ ನಲ್ಲಿಯ ಮುಂದೆ ಸಾಲು ನಿಂತು, ಒಬ್ಬರ ಬಾಣಂತನ ಇನ್ನೊಬ್ಬರು ಮಾಡಿರಬಹುದಾದ ಹೆಂಗಸರು. ಅವರಿಬ್ಬರ ನಡುವೆ ಗಂಡಸರ ಜಗಳಕ್ಕಿಂತ ಹಳೆಯದಾದ, ಅವರದ್ದೇ ಆದ ಲೆಕ್ಕ ಇದ್ದೇ ಇರುತ್ತದೆ. ಒಳ್ಳೆಯದೂ ಇರುತ್ತದೆ, ಕೆಟ್ಟದ್ದೂ ಇರುತ್ತದೆ. ಹೊರಡುವ ವಾರ ಅಮ್ಮನನ್ನು ಇಷ್ಟೇ ಕೇಳಿ: 'ದೊಡ್ಡಮ್ಮನಿಗೆ ಏನಾದ್ರೂ ಹೇಳಬೇಕಾ?' ಅವರು ಏನೂ ಇಲ್ಲ ಅಂದರೆ ಬಿಡಿ. ಕೆಲವರು ಏನೂ ಇಲ್ಲ ಅಂದು, ಹೊರಡುವ ದಿನ ಒಂದು ಹಪ್ಪಳದ ಕಟ್ಟು ತಂದು ಇಡುತ್ತಾರೆ. ನಿಮ್ಮ ಅಮ್ಮ ಹಾಗೆ ಮಾಡಲೇಬೇಕು ಅಂತ ಕಾಯಬೇಡಿ.

ಈಗ ಉಳಿಯುವ ಪ್ರಶ್ನೆ. ಮೊದಲ ಸಲಕ್ಕೆ ಹೋಟೆಲ್‌ನಲ್ಲೇ ಉಳಿಯಿರಿ ಅನ್ನುವುದು ನನ್ನ ಸಲಹೆ. ಇದಕ್ಕೆ ಒಂದು ನೇರ ಕಾರಣವಿದೆ. ದುಬೈ ವೀಸಾ ಅರ್ಜಿಗೆ ಈಗ ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್ ಕೇಳುವುದುಂಟು. ನೆಂಟರ ಮನೆಯಲ್ಲಿ ಉಳಿಯುವುದಾದರೆ ಅವರ ಬಾಡಿಗೆ ಕರಾರು, ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ), ವೀಸಾದ ಪ್ರತಿ ಕೇಳುತ್ತಾರೆ. ಇಪ್ಪತ್ತು ವರ್ಷದ ನಂತರದ ಮೊದಲ ಮಾತೇ 'ನಿಮ್ಮ ಮನೆಯ ಕಾಗದ ಕಳಿಸಿ' ಅಂತಾಗುವುದು ಬೇಡ, ಅಲ್ವಾ? ಅದೂ ಕಾಗದಪತ್ರದ ವಿಷಯದಲ್ಲೇ ಮುರಿದ ಸಂಬಂಧದಲ್ಲಿ. ಎರಡನೇ ಕಾರಣ ಜಾಗ. ಶಾರ್ಜಾದಲ್ಲಿ ಎಷ್ಟೋ ನಮ್ಮವರು ಸಣ್ಣ ಫ್ಲಾಟ್‌ಗಳಲ್ಲಿ ಇರುತ್ತಾರೆ. ದುಬೈಯಲ್ಲಿ ಕೆಲಸ, ಬಾಡಿಗೆ ಕಡಿಮೆ ಅಂತ ಮನೆ ಶಾರ್ಜಾದಲ್ಲಿ. ಗಲ್ಫ್ ಅಂದರೆ ದೊಡ್ಡ ಮನೆ ಅಂತ ನಾವು ಇಲ್ಲಿ ಕೂತು ತಿಳಿದಿರುತ್ತೇವೆ. ಅವರಿಗೆ ತಮ್ಮ ಮನೆ ಚಿಕ್ಕದು ಎಂಬ ಸಂಕೋಚವೂ ಇರಬಹುದು. ಅವರೇ ಒತ್ತಾಯ ಮಾಡಿದರೆ ಒಂದು ರಾತ್ರಿ ಉಳಿದು ಬನ್ನಿ. ಬೇಡ ಅನ್ನುವುದೂ ತಪ್ಪಾಗುತ್ತದೆ. ಬುರ್ ದುಬೈ ಅಥವಾ ಕರಾಮದಲ್ಲಿ ಹೋಟೆಲ್ ಹಿಡಿದರೆ ನಮ್ಮ ಊಟ ಸುತ್ತಮುತ್ತ ಸಿಗುತ್ತದೆ. ಶಾರ್ಜಾಗೆ ಮೆಟ್ರೋ ಇಲ್ಲ, ಆದರೆ ದುಬೈಯ ಯೂನಿಯನ್ ಮತ್ತು ಅಲ್ ಗುಬೈಬಾ ನಿಲ್ದಾಣಗಳಿಂದ ಬಸ್ ಇದೆ.

ದಿನದ ಆಯ್ಕೆಯಲ್ಲಿ ಹುಷಾರು. 2022ರ ಜನವರಿಯಿಂದ ಯುಎಇಯಲ್ಲಿ ವಾರದ ರಜೆ ಶನಿವಾರ, ಭಾನುವಾರ. ಶುಕ್ರವಾರ ಸರ್ಕಾರಿ ಕಚೇರಿಗಳಿಗೆ ಅರ್ಧ ದಿನ. ಶಾರ್ಜಾದ ಸರ್ಕಾರಿ ಕಚೇರಿಗಳಿಗೂ ಶಾಲೆಗಳಿಗೂ ಶುಕ್ರವಾರವೂ ಸೇರಿ ಮೂರು ದಿನ ರಜೆ. ಆದರೆ ಖಾಸಗಿ ಕಂಪನಿಯಲ್ಲಿ, ಅಂಗಡಿಯಲ್ಲಿ ಇರುವವರಿಗೆ ಒಂದೇ ದಿನ ರಜೆ ಇರಬಹುದು. ನೀವು ಲೆಕ್ಕ ಹಾಕಬೇಡಿ, ಅಕ್ಕನನ್ನು ಕೇಳಿ. ಕೆಲಸದ ದಿನ ಸಂಜೆ ದುಬೈಯಿಂದ ಶಾರ್ಜಾಗೆ ಹೋಗುವ ರಸ್ತೆ ಎಂದರೆ ನಮ್ಮ ಥಾಣೆಯ ಘೋಡ್‌ಬಂದರ್ ರೋಡಿನ ಹಾಗೆ, ಹೊತ್ತು ಹೇಳಲಾಗದು. ಅಣ್ಣ ದಣಿದು ಎಂಟು ಗಂಟೆಗೆ ಮನೆ ಸೇರುವ ದಿನ ನೀವು ಹಾಲ್‌ನಲ್ಲಿ ಕೂತಿರುವುದು ಯಾರಿಗೂ ಒಳ್ಳೆಯದಲ್ಲ. ಇನ್ನೊಂದು, ಟಿಕೆಟ್ ಪಕ್ಕಾ ಮಾಡುವ ಮೊದಲೇ ಅವರು ಡಿಸೆಂಬರ್‌ನಲ್ಲಿ ಅಲ್ಲಿ ಇರುತ್ತಾರಾ ಅಂತ ಕೇಳಿ. ಚಳಿಗಾಲದ ಶಾಲೆ ರಜೆಗೆ ಕೆಲವರು ಊರಿಗೆ ಹೊರಡುತ್ತಾರೆ. ನೀವು ಅಲ್ಲಿ, ಅವರು ಇಲ್ಲಿ ಆಗಬಾರದು.

ಭೇಟಿಯ ಆಕಾರ ಹೀಗಿರಲಿ ಅನ್ನಿಸುತ್ತದೆ: ಬಂದು ಎರಡನೇ ಅಥವಾ ಮೂರನೇ ದಿನ ಮೊದಲ ಭೇಟಿ, ಚಿಕ್ಕದು, ಬೆಳಿಗ್ಗೆ ಚಹಾ ಹೊತ್ತಿಗೆ. ಹತ್ತು ದಿನದ ಕೊನೆಗೆ ಇಟ್ಟುಕೊಂಡರೆ ಎಡವಿದ್ದನ್ನು ಸರಿಮಾಡಲು ಸಮಯ ಇರುವುದಿಲ್ಲ. ಮೊದಲ ಭೇಟಿಯಲ್ಲಿ ಎಲ್ಲರೂ ಸ್ವಲ್ಪ ಬಿಗಿಯಾಗಿರುತ್ತಾರೆ, ಅದನ್ನು ಅವರ ಮನಸ್ಸು ಅಂತ ತಿಳಿಯಬೇಡಿ. ಎರಡನೇ ಭೇಟಿ ಹೊರಗೆ ಇರಲಿ, ಮಕ್ಕಳನ್ನೆಲ್ಲ ಕರೆದುಕೊಂಡು. ಶಾರ್ಜಾದ ಅಲ್ ಮಜಾಜ್‌ನ ನೀರಿನ ದಂಡೆ ಇದೆ, ಡಿಸೆಂಬರ್‌ನಲ್ಲಿ ಸಂಜೆ ಹವೆ ಹಿತವಾಗಿರುತ್ತದೆ. ಪಕ್ಕದಲ್ಲಿ ನಡೆಯುತ್ತಾ ಆಡುವ ಮಾತು ಎದುರಿಗೆ ಕೂತು ಬರುವುದಿಲ್ಲ. ಅಣ್ಣನ ಜೊತೆ ನಿಮ್ಮ ಗಂಡ ಹಾಗೆ ಒಂದು ಸುತ್ತು ಹೋಗಿ ಬರಲಿ, ಅವರಿಬ್ಬರಿಗೆ ಹಳೆಯ ಭಾರ ಇಲ್ಲ.

ಮಕ್ಕಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಮಗನಿಗೆ ಮರಾಠಿ, ಹಿಂದಿ ಸಲೀಸು. ಅಲ್ಲಿನವರಿಗೆ ಇಂಗ್ಲಿಷ್, ಹಿಂದಿ, ಶಾಲೆಯ ಸ್ವಲ್ಪ ಅರಬ್ಬಿ. ಅವರು ತಮ್ಮ ತಮ್ಮಲ್ಲಿ ಹಿಂದಿಯಲ್ಲಿ ಮಾತಾಡಿದರೆ ಆಡಿಕೊಳ್ಳಲಿ. 'ಕನ್ನಡ ಮಾತಾಡ್ರೋ' ಅಂತ ಆ ದಿನ ಮಾತ್ರ ಬೇಡ. ನನಗೆ ಕನ್ನಡ ಉಳಿಯಬೇಕು ಅಂತ ಎಷ್ಟು ಆಸೆ ಇದೆಯೋ ಅಷ್ಟೇ ಗಟ್ಟಿಯಾಗಿ ಇದನ್ನು ಹೇಳುತ್ತಿದ್ದೇನೆ. ಅವರಿಗೆ ಮೊದಲು ಒಬ್ಬರಿಗೊಬ್ಬರು ಇಷ್ಟವಾಗಲಿ. ದೊಡ್ಡಮ್ಮನ ಮಾತು ಅರ್ಥವಾಗಬೇಕು ಅನ್ನಿಸಿದಾಗ ಕನ್ನಡ ಅವರೇ ಕೇಳುತ್ತಾರೆ.

ಕೈಯಲ್ಲಿ ಏನು ಒಯ್ಯಬೇಕು ಅನ್ನುವುದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಅಲ್ಲಿ ತಪ್ಪಿದರೆ ದೊಡ್ಡ ತೊಂದರೆ. ಗಸಗಸೆ ಯುಎಇಯಲ್ಲಿ ನಿಷೇಧ. ಪಾಯಸಕ್ಕೆ, ಮಸಾಲೆಗೆ ಅಂತ ಒಂದು ಸಣ್ಣ ಪೊಟ್ಟಣ ಇದ್ದರೂ ಕಸ್ಟಮ್ಸ್‌ನಲ್ಲಿ ಹಿಡಿಯುತ್ತಾರೆ, ಕೇಸಾಗುತ್ತದೆ. ಮನೆಯಲ್ಲಿ ಅರೆದ ಮಸಾಲೆ ಪುಡಿಯಲ್ಲಿ ಗಸಗಸೆ ಇದೆಯೇ ಅಂತ ಅಮ್ಮನನ್ನು ಕೇಳಿ. ವೀಳ್ಯದೆಲೆಯೂ ಬೇಡ, ಅದೂ ನಿಷೇಧಿತ ಪಟ್ಟಿಯಲ್ಲಿದೆ. ದೊಡ್ಡಮ್ಮನಿಗೆ ಎಲೆಯಡಿಕೆ ಅಭ್ಯಾಸ ಇದ್ದಿರಬಹುದು, ಪ್ರೀತಿಯಿಂದ ಒಯ್ದು ಸಿಕ್ಕಿಬೀಳಬೇಡಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗೆ ಅಲ್ಲಿ ಮೊದಲೇ ಅನುಮತಿ ಬೇಕು. ಬೇರೆ ಔಷಧಗಳಿಗೂ ವೈದ್ಯರ ಚೀಟಿ ಜೊತೆಗಿರಲಿ. ಡ್ಯೂಟಿ ಫ್ರೀಯಲ್ಲಿ ಅಣ್ಣನಿಗೆ ಒಂದು ಬಾಟಲಿ ತೆಗೆದುಕೊಳ್ಳುವ ರೂಢಿ ನಮ್ಮಲ್ಲಿದೆ. ಶಾರ್ಜಾದಲ್ಲಿ ಮದ್ಯ ಪೂರ್ತಿ ನಿಷೇಧ, ಆದ್ದರಿಂದ ಅದು ಬೇಡವೇ ಬೇಡ. ಪರಿಚಯದವರು 'ಅಲ್ಲಿ ಒಬ್ಬರಿಗೆ ಇದೊಂದು ಪಾರ್ಸೆಲ್' ಅಂದರೆ ಯಾರೇ ಆಗಲಿ ಇಲ್ಲ ಅನ್ನಿ. ವಾಪಸ್ ಬರುವಾಗ ಅಲ್ಲಿಂದ ಚಿನ್ನದ ಒಡವೆ ಕೊಟ್ಟು ಕಳಿಸುವುದೂ ಉಂಟು. ಸುಂಕವಿಲ್ಲದೆ ಒಡವೆ ತರುವ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿ ಇದ್ದು ಬರುವವರಿಗೆ ಮಾತ್ರ. ಹತ್ತು ದಿನದ ಪ್ರವಾಸದವರಿಗೆ ಅದು ಸಿಗುವುದಿಲ್ಲ ಅಂತ ಮೆತ್ತಗೆ ಹೇಳಿ.

ಉಡುಗೊರೆಗೆ ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿ ಎಲ್ಲ ಅಲ್ಲಿಯೂ ಸಿಗುತ್ತವೆ. ಹಣ ಸುರಿದು ಏನೂ ಕೊಳ್ಳಬೇಡಿ, ದುಬಾರಿ ಉಡುಗೊರೆಗೆ ಅವರು ಅಷ್ಟೇ ತೂಕದ್ದು ತಿರುಗಿ ಕೊಡಬೇಕಾಗುತ್ತದೆ. ಫೋಟೋಗಳು, ದೊಡ್ಡಮ್ಮನಿಗೆ ಒಂದು ಹತ್ತಿ ಸೀರೆ, ಊರ ದೇವರ ಕುಂಕುಮ ಸಾಕು.

ಆಸ್ತಿಯ ಮಾತಿಗೆ ಒಂದೇ ನಿಯಮ. ಯಾವ ಕಾಗದವನ್ನೂ ಒಯ್ಯಬೇಡಿ. ಊರಲ್ಲಿ ಯಾವುದೋ ಪಹಣಿ ಬಾಕಿ ಇದೆ, ಹೇಗೂ ಹೋಗುತ್ತೀಯಲ್ಲ, ಒಂದು ಸಹಿ ಹಾಕಿಸಿಕೊಂಡು ಬಾ ಅಂತ ಯಾರಾದರೂ ಹೇಳುತ್ತಾರೆ. ಅಂಥ ಸಹಿಯಿಂದ ಕೆಲಸವೂ ಆಗುವುದಿಲ್ಲ. ವಿದೇಶದಲ್ಲಿರುವವರು ಭೂಮಿಯ ವಿಷಯಕ್ಕೆ ಮುಖ್ತಿಯಾರ್ ನಾಮೆ (ಪವರ್ ಆಫ್ ಅಟಾರ್ನಿ) ಕೊಡಬೇಕಾದರೆ ಭಾರತೀಯ ಕಾನ್ಸುಲೇಟ್‌ಗೆ ಹೋಗಿ ಅಧಿಕಾರಿಯ ಎದುರು ಸಹಿ ಮಾಡಬೇಕು, ಕಾಗದ ಭಾರತಕ್ಕೆ ಬಂದ ಮೂರು ತಿಂಗಳ ಒಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಅದು ವಕೀಲರ ಮೂಲಕ ಬೇರೆಯಾಗಿ ನಡೆಯಬೇಕಾದ ಕೆಲಸ. ಅಣ್ಣನೇ 2004ರ ಮಾತು ಎತ್ತಿದರೆ ಕೇಳಿಸಿಕೊಳ್ಳಿ. ಅಪ್ಪನ ಪರವಾಗಿ ವಾದ ಮಾಡಬೇಡಿ, ಅಪ್ಪನನ್ನು ಬಿಟ್ಟುಕೊಡಲೂ ಬೇಡಿ. 'ಅದು ನಿಮ್ಮಿಬ್ಬರ ಮಧ್ಯೆ ಆದದ್ದು ಅಣ್ಣ, ನಾನು ಆಗ ಅಲ್ಲಿರಲಿಲ್ಲ. ಅಪ್ಪನಿಗೂ ನೋವಾಗಿತ್ತು, ನಿಮಗೂ ಆಗಿರಬಹುದು' ಅನ್ನಿ. ಅವರು ಅಪ್ಪನ ಬಗ್ಗೆ ಕೆಟ್ಟ ಮಾತು ಆಡಿದರೆ ಎದ್ದು ದೊಡ್ಡಮ್ಮನ ಕಾಲಿಗೆ ನಮಸ್ಕಾರ ಮಾಡಿ ಹೊರಟುಬಿಡಿ. ಅಲ್ಲಿ ಕೂತು ಸಹಿಸುವ ಕರ್ತವ್ಯ ನಿಮಗಿಲ್ಲ. ದೊಡ್ಡಮ್ಮನನ್ನು ಇನ್ನೊಂದು ದಿನ ಅಕ್ಕನ ಮನೆಯಲ್ಲಿ ನೋಡಬಹುದು.

ಅಕ್ಕ ಉತ್ತರವೇ ಕೊಡದಿದ್ದರೆ? ಒಂದು ವಾರ ಬಿಟ್ಟು ಮಾಮೂಲಿ ಫೋನ್‌ನಲ್ಲಿ ಒಂದು ಸಲ ಮಾಡಿ. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಬೆಳಿಗ್ಗೆ ಬೇಗ ಮಾಡಬೇಡಿ. ಆಗಲೂ ಇಲ್ಲವಾದರೆ ಅಣ್ಣನಿಗೆ ನೇರವಾಗಿ ಬರೆಯಿರಿ, ದೊಡ್ಡಮ್ಮನನ್ನು ನೋಡುವ ಆಸೆ ಒಂದನ್ನೇ ಹೇಳಿ. ಅದಕ್ಕೂ ಬೇಡ ಅಂತ ಬಂದರೆ, ಮಗನ ಜೊತೆ ಖುಷಿಯಾಗಿ ದುಬೈ ನೋಡಿ ಬನ್ನಿ. ಬಾಗಿಲು ತಟ್ಟಿದ್ದು ನೀವು, ಅದು ಅವರಿಗೆ ನೆನಪಿರುತ್ತದೆ.

ನಾನು ಈ ವರ್ಷವೇ ಹೋಗಿ ಅನ್ನುವುದಕ್ಕೆ ಒಂದು ಕಾರಣ ದೊಡ್ಡಮ್ಮ ಅಲ್ಲಿ ಎಷ್ಟು ಕಾಲ ಇರುತ್ತಾರೋ ಯಾರೂ ಹೇಳಲಾರರು. ತಂದೆತಾಯಿಯರ ವೀಸಾವನ್ನು ಮಕ್ಕಳು ವರ್ಷ ವರ್ಷ ನವೀಕರಿಸಬೇಕು, ಆರೋಗ್ಯ ವಿಮೆ ಮಾಡಿಸಬೇಕು. ವಯಸ್ಸು ಏರಿದಂತೆ ಅದು ಕಷ್ಟವಾಗುತ್ತದೆ. ಅಣ್ಣನ ವಾಸವೂ ಕೆಲಸ ಇರುವಷ್ಟು ದಿನದ್ದೇ ಆಗಿರಬಹುದು. ಗಲ್ಫ್‌ನವರಲ್ಲಿ ಹೆಚ್ಚಿನವರು ಒಂದು ದಿನ ಮರಳಿ ಬರುವವರು. ಬಂದಾಗ ಅವರಿಗೂ ಇಲ್ಲಿ ಗುರುತಿನ ಮುಖ ಬೇಕಾಗುತ್ತದೆ.

ಭೇಟಿ ಚೆನ್ನಾಗಿ ಆದರೆ, ಹೊರಡುವ ಮೊದಲು ಮುಂದಿನ ಭೇಟಿಯ ಮಾತು ಒಂದು ಆಡಿ ಬನ್ನಿ. ಗದ್ದೆ ಪಾಲಾದರೂ ನಮ್ಮ ಕಡೆ ನಾಗಬನ ಪಾಲಾಗುವುದಿಲ್ಲ, ಅದು ಇಡೀ ಕುಟುಂಬಕ್ಕೆ ಸೇರಿದ್ದು. ಯುಎಇಯಲ್ಲಿ ಶಾಲೆಗಳಿಗೆ ಜುಲೈ, ಆಗಸ್ಟ್ ರಜೆ. ನಾಗರಪಂಚಮಿ ಬರುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ಅವರು ಊರಿಗೆ ಬರುವ ವರ್ಷ ನೀವೂ ಹೋಗಿ, ಒಟ್ಟಿಗೆ ನಾಗನಿಗೆ ತನು (ಹಾಲು, ಎಳನೀರು) ಎರೆಯಬಹುದು. ಮತ್ಸ್ಯಗಂಧ ರೈಲಿನ ಟಿಕೆಟ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ, ಮಳೆಗಾಲದಲ್ಲಿ ಕೊಂಕಣ ರೈಲಿನ ವೇಳಾಪಟ್ಟಿಯೂ ಬೇರೆ. ಆದ್ದರಿಂದ ದಿನಾಂಕವನ್ನು ಜೂನ್ ಹೊತ್ತಿಗೆ ಅಕ್ಕನ ಜೊತೆ ಗೊತ್ತುಮಾಡಿಕೊಳ್ಳಿ. ಅಮ್ಮನಿಗೂ ಒಂದು ಟಿಕೆಟ್ ತೆಗೆಯಿರಿ.